ತುಲಾ ರಾಶಿಗೆ ಮಾನನಾಶ

ರಾಶಿಫಲ ನಂಬುವುದಿಲ್ಲ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಅಂಥವರ ಕೈಗೆ ಒಂದು ಪಂಚಾಂಗ ಕೊಟ್ಟು, ಕಾಫಿ ತರುತ್ತೇನೆಂದು ಹೇಳಿ ಐದು ನಿಮಿಷ ಒಳಗೆ ಹೋಗಿ ಬನ್ನಿ. ಬಂದು ನೋಡಿದರೆ ಅವರು ಬೇರೆಲ್ಲ ಪುಟ ಬಿಟ್ಟು ತಮ್ಮ ರಾಶಿಯ ಪುಟದಲ್ಲೇ ಬೆರಳಿಟ್ಟು ಕೂತಿರುತ್ತಾರೆ. ಸುಮ್ಮನೆ ಅಕ್ಷರ ಚೆನ್ನಾಗಿದೆಯಾ ಅಂತ ನೋಡಿದೆ ಎನ್ನುತ್ತಾರೆ. ಇದನ್ನು ನಾನು ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ನಾನೂ ಅದೇ ಜಾತಿಯ ಪ್ರಾಣಿ. ಆ ಕಾಲದಲ್ಲಿ ನನ್ನನ್ನು ನಾನು ಭಾರಿ ಆಧುನಿಕ ಮನುಷ್ಯನೆಂದು ತಿಳಿದಿದ್ದೆ. ಬೆಂಡಿನ ಸೋಲಾ ಟೋಪಿ ಹಾಕುತ್ತಿದ್ದೆ, ನಾನು ಕೆಲಸಕ್ಕಿದ್ದ ಕಾಫಿ ತೋಟದ ದೊರೆ ಓದಿ ಎಸೆದ ಇಂಗ್ಲಿಷ್ ಪೇಪರನ್ನು ನಾಲ್ಕು ದಿನ ತಡವಾಗಿ ಓದಿ ಅದೇ ದಿನದ ಸುದ್ದಿಯೆಂಬಂತೆ ಎಲ್ಲರಿಗೂ ಹೇಳುತ್ತಿದ್ದೆ. ಆದರೆ ಯುಗಾದಿಗೆ ಹದಿನೈದು ದಿನ ಮೊದಲೇ ಪಂಚಾಂಗ ತರಿಸಿಕೊಳ್ಳುತ್ತಿದ್ದೆ. ಕೇಳಿದವರಿಗೆ ತಿಥಿ ನೋಡುವುದಕ್ಕೆ ಎನ್ನುತ್ತಿದ್ದೆ.

ಕೊಡಗು ಆಗ ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿತ್ತು. ಮಂತ್ರಿಮಂಡಲ ಎಂದರೆ ಇಬ್ಬರೇ ಮಂತ್ರಿಗಳು, ಮಡಿಕೇರಿಯಲ್ಲಿ ಇಬ್ಬರಲ್ಲಿ ಒಬ್ಬರಾದರೂ ಎದುರಿಗೆ ಸಿಗುತ್ತಿದ್ದರು. ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹಾರಂಗಿ ಹೊಳೆಯ ದಡದಲ್ಲಿ ಗದ್ದೆ ಮಾಡಿದವರು. ಹೊಳೆಗೆ ಆಗಿನ್ನೂ ಅಣೆಕಟ್ಟು ಕಟ್ಟಿರಲಿಲ್ಲ, ಹೊಳೆ ತನಗೆ ತೋಚಿದಂತೆ ಹರಿಯುತ್ತಿತ್ತು. ನನಗೆ ಗದ್ದೆಯ ಕೆಸರಿಗಿಂತ ಮಸಿಯೇ ಒಗ್ಗಿತು ಎಂದು ಸುಂಟಿಕೊಪ್ಪದ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸಕ್ಕೆ ಸೇರಿದೆ. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಬೆಳಿಗ್ಗೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಹೆಸರು ಕೂಗಿ ಹಾಜರಿ ಹಿಡಿಯುವವನು. ಆ ಸಾಲಿಗೆ ಮಸ್ಟರ್ ಎನ್ನುತ್ತಾರೆ. ನಮ್ಮ ಮಸ್ಟರಿನಲ್ಲಿ ತುಳು, ಮಲಯಾಳ, ತಮಿಳು, ಅರೆಭಾಷೆ, ಕನ್ನಡ ಎಲ್ಲ ಇತ್ತು. ನಾನು ಕೂಗುವ ಕನ್ನಡದ ಹೆಸರಿಗೆ ಐದು ಭಾಷೆಯಲ್ಲಿ 'ಬಂದಿದ್ದೇನೆ' ಬರುತ್ತಿತ್ತು.

ಈಗ ನನ್ನ ಮನೆಯ ವಿಷಯ ಹೇಳಬೇಕು, ಯಾಕೆಂದರೆ ಇಡೀ ರಾಮಾಯಣ ಶುರುವಾದದ್ದೇ ಒಲೆಯಿಂದ. ಎರಡನೆಯ ರೈಟರಾಗಿದ್ದ ನನಗೆ ಎಸ್ಟೇಟಿನವರು ಕೊಟ್ಟಿದ್ದ ಮನೆಯಲ್ಲಿ ಅಡುಗೆಮನೆ ಇತ್ತು, ಹೊಗೆ ಹೋಗುವ ದಾರಿ ಇರಲಿಲ್ಲ. ಮಳೆಗಾಲದ ಹಸಿ ಸೌದೆ ಹೊತ್ತಿಸಿದರೆ ಹೊಗೆ ನಡುಮನೆಯನ್ನೆಲ್ಲ ಸುತ್ತಾಡಿ ಕೊನೆಗೆ ನನ್ನ ಹೆಂಡತಿ ಜಯಮ್ಮನ ಎದೆಗೆ ಹೋಗಿ ಕೂರುತ್ತಿತ್ತು. ಜೂನ್‌ನಲ್ಲಿ ಶುರುವಾದ ಅವಳ ಕೆಮ್ಮು ದೀಪಾವಳಿಗೆ ನಿಲ್ಲುತ್ತಿತ್ತು. ಅವಳು ದೂರುವವಳಲ್ಲ. ಆದರೆ ಹೆಡ್ ರೈಟರ್ ಮನೆಯ ಮುಂದೆ ಹಾದುಹೋಗುವಾಗ ಅದರ ಮಾಡಿನ ಮೇಲೆ ಎದ್ದು ನಿಂತ ಹೊಗೆಗೂಡನ್ನು ಬೇರೆ ಹೆಂಗಸರು ಬಂಗಾರದ ಅಂಗಡಿ ನೋಡಿದ ಹಾಗೆ ನೋಡುತ್ತಿದ್ದಳು. ಹೆಡ್ ರೈಟರ್ ಆ ವರ್ಷ ವಯಸ್ಸಾಗಿ ಊರಿಗೆ ಹೋಗಿದ್ದರು. ಅವರ ಜಾಗಕ್ಕೆ ಯಾರು ಎಂಬುದನ್ನು ಕಂಪನಿಯ ವಿಸಿಟಿಂಗ್ ಏಜೆಂಟರು ಬಂದು ತೋಟ ನೋಡಿ ತೀರ್ಮಾನಿಸಬೇಕಿತ್ತು. ಒಪ್ಪಿಗೆಯಾದರೆ ಹೊಗೆಗೂಡಿನ ಮನೆ. ಆಗದಿದ್ದರೆ ನನ್ನನ್ನು ಕರಿಕೆಯ ಕಡೆ ಕಂಪನಿಗಿದ್ದ ಸಣ್ಣ ತೋಟಕ್ಕೆ ಕಳಿಸುತ್ತಾರೆಂಬ ಗಾಳಿಸುದ್ದಿ. ಕೇರಳದ ಗಡಿಯ ಆ ಕಾಡಿನಲ್ಲಿ ರೈಟರಿಗೆ ಗೋಡೆಯಿದ್ದ ಅಡುಗೆಮನೆಯೇ ಇಲ್ಲವಂತೆ. ನನಗೆ ಆ ಮನೆ ಬೇಕೇ ಬೇಕಿತ್ತು. ರಾತ್ರಿ ಅವಳು ಕೆಮ್ಮನ್ನು ಸೆರಗಿನಲ್ಲಿ ಒತ್ತಿ ಹಿಡಿಯುವುದು ಕೇಳಿದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಏಜೆಂಟರು ಬರುವ ದಿನ ಗೊತ್ತಾಯಿತು. ಅದೇ ದಿನ ಬೆಳಿಗ್ಗೆ ಸೂರ್ಯಗ್ರಹಣ. ಬೇಸಿಗೆಯಲ್ಲೇ ಪಂಚಾಂಗದಲ್ಲಿ ಅದನ್ನು ನಾನು ನೋಡಿಟ್ಟಿದ್ದೆ. ಮಿಥುನ ರಾಶಿಯಲ್ಲಿ, ಮೃಗಶಿರಾ ನಕ್ಷತ್ರದಲ್ಲಿ ಗ್ರಹಣ. ಕೆಳಗೆ ಹನ್ನೆರಡು ರಾಶಿಗೂ ಫಲದ ಪಟ್ಟಿ. ಈ ಪಟ್ಟಿ ಮಾಡಿದವನು ಮಾತಿನಲ್ಲಿ ಮಹಾ ಮಿತವ್ಯಯಿ. ಒಬ್ಬೊಬ್ಬರಿಗೆ ಒಂದೊಂದೇ ಮಾತು. ಮೇಷಕ್ಕೆ ಶ್ರೀ, ವೃಷಭಕ್ಕೆ ಹಾನಿ, ಮಿಥುನಕ್ಕೆ ಘಾತ, ಕರ್ಕಾಟಕಕ್ಕೆ ವ್ಯಯ, ಸಿಂಹಕ್ಕೆ ಲಾಭ, ಕನ್ಯೆಗೆ ಸುಖ. ಅಷ್ಟರಲ್ಲಿ ನನ್ನ ತುಲಾ ಬಂತು. ಮಾನನಾಶ. ಅದರ ಕೆಳಗೆ ವೃಶ್ಚಿಕಕ್ಕೆ ಮೃತ್ಯು ಎಂದು ಬರೆದಿತ್ತು. ನಿಜ ಹೇಳುತ್ತೇನೆ, ವೃಶ್ಚಿಕದವರನ್ನು ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಸತ್ತವನಿಗೆ ಮಾರನೆಯ ದಿನ ಮಸ್ಟರಿನ ಮುಂದೆ ನಿಂತು ಹೆಸರು ಕೂಗುವ ಕಷ್ಟವಿಲ್ಲ. ಮಾನ ಹೋದವನು ನಿಂತೇ ತೀರಬೇಕು. ಹೆಸರಿನ ಮೊದಲ ಅಕ್ಷರ ಹಿಡಿದು ಜಯಮ್ಮನದನ್ನೂ ನೋಡಿದೆ. ಮಕರ, ಸೌಖ್ಯ. ಒಂದೇ ಒಲೆಯ ಅನ್ನ ಉಣ್ಣುವ ಗಂಡಹೆಂಡಿರಲ್ಲಿ ಒಬ್ಬರಿಗೆ ಸೌಖ್ಯ, ಇನ್ನೊಬ್ಬರಿಗೆ ಮಾನನಾಶ ಹೇಗೆ ಸಾಧ್ಯ ಎಂದು ಆಗ ನನಗೆ ಅರ್ಥವಾಗಲಿಲ್ಲ.

ಗ್ರಹಣಕ್ಕೆ ಎರಡು ದಿನ ಮೊದಲು ನಮ್ಮ ತಾಯಿ ಊರಿನಿಂದ ಬಂದರು. ಸೀರೆಯ ಗಂಟಿನೊಳಗೆ ಒಂದು ಓಲೆ ತಂದಿದ್ದರು. ಗ್ರಹಣದ ದೋಷ ಇದ್ದವರ ಹೆಸರಿನಲ್ಲಿ ತಾಳೆಗರಿಯ ಮೇಲೆ ಶ್ಲೋಕ ಬರೆಸಿ, ಹಿಡಿದಾಗಿನಿಂದ ಬಿಡುವ ತನಕ ಹಣೆಗೆ ಕಟ್ಟಿಕೊಳ್ಳುವುದು, ಬಿಟ್ಟ ಮೇಲೆ ಅದನ್ನು ದಾನ ಕೊಟ್ಟುಬಿಡುವುದು. ನಮ್ಮ ಊರಿನ ಜೋಯಿಸರು ಬರೆದುಕೊಟ್ಟಿದ್ದರು. ನಾನು ನಕ್ಕೆ. ಈಗಿನ ಕಾಲದಲ್ಲಿ ಇದನ್ನೆಲ್ಲ ಯಾರು ಕಟ್ಟಿಕೊಳ್ಳುತ್ತಾರೆ ಅವ್ವ ಎಂದೆ. "ನೀನ್ ಯಾವ ಕಾಲ್ದಾಗಾರ ಇರಪ್ಪ, ಗ್ರಾಣ ಹಳೇ ಕಾಲ್ದ್ದೇ" ಅಂದರು. "ಮಾನ ಹೋಯ್ತದೆ ಅಂತ ಬರ್ದೈತಂತಲ್ಲ. ಇರೋದೇ ಅದೊಂದು. ಕಟ್ಕೊ ಸುಮ್ಕೆ." ಜಯಮ್ಮ ಉಪ್ಪಿನಕಾಯಿ ಜಾಡಿಗೆ ದರ್ಭೆ ಹಾಕುತ್ತಾ ಒಂದು ಸಲ ಕೆಮ್ಮಿದಳು. ನಾನು ಓಲೆಯನ್ನು ತೆಗೆದು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ತಾಯಿಯ ಮನಸ್ಸು ನೋಯಿಸಬಾರದೆಂದು, ಬೇರೇನಿಲ್ಲ.

ಹಿಂದಿನ ದಿನ ಮಧ್ಯಾಹ್ನ ದೊರೆ ಕರೆಸಿದರು. ನಮ್ಮ ದೊರೆ ಇಂಗ್ಲೆಂಡಿನವರು, ಇಪ್ಪತ್ತು ವರ್ಷ ತೋಟದಲ್ಲಿದ್ದು ಕನ್ನಡವನ್ನು ಆಜ್ಞೆ ಮಾಡುವುದಕ್ಕೆ ಬೇಕಾದಷ್ಟು ಮಾತ್ರ ಕಲಿತಿದ್ದರು. "ರೈಟರ್, ನಾಳೆ ಮಸ್ಟರ್ ಫುಲ್. ಒಂದು ಆಳು ಕಮ್ಮಿ ಇಲ್ಲ. ಏಜೆಂಟ್ ದೊರೆ ಗಿಡ ನಡೋದು ನೋಡ್ತದೆ" ಎಂದರು. ನಾನು ಗ್ರಹಣದ ಮಾತು ತೆಗೆದೆ. ಆಕಾಶದ ತುಂಬ ಮುಂಗಾರಿನ ಮೋಡ ಇತ್ತು. ಅವರು ಕಿಟಕಿಯಿಂದ ಹೊರಗೆ ಬೆರಳು ತೋರಿಸಿ, "ಸೂರ್ಯನೇ ಇಲ್ಲ, ಗ್ರಹಣ ಎಲ್ಲಿ" ಎಂದರು. ವಾದದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಈ ವಾದ ಲೈನುಗಳಲ್ಲಿ ನಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಳುಗಳ ಸಾಲುಮನೆಗಳಿಗೆ ನಮ್ಮಲ್ಲಿ ಲೈನು ಎನ್ನುವುದು. ಗ್ರಹಣ ಹಿಡಿದಾಗ ಅಲ್ಲಿ ಒಬ್ಬರೂ ಹೊಸ್ತಿಲು ದಾಟುತ್ತಿರಲಿಲ್ಲ, ಒಲೆ ಹೊತ್ತಿಸುತ್ತಿರಲಿಲ್ಲ, ಭಾಷೆ ಐದಾದರೂ ಈ ವಿಷಯದಲ್ಲಿ ಎಲ್ಲರದೂ ಒಂದೇ ಮಾತು.

ಅವರನ್ನು ಹೊರಗೆ ತರುವ ಉಪಾಯ ಒಂದೇ ಇತ್ತು, ಅದೂ ನನ್ನ ಕೈಯಲ್ಲೇ ಇತ್ತು. ಪಂಚಾಂಗ ಇದ್ದವನು ನಾನೊಬ್ಬನೇ. ಯಾವುದೋ ಒಂದು ಜೂನ್ ತಿಂಗಳಲ್ಲಿ ನಾಳೆ ಮಳೆ ಬರುತ್ತದೆ ಎಂದು ನಾನು ಹೇಳಿ, ಅದು ಬಂದುಬಿಟ್ಟು, ಅಂದಿನಿಂದ ಲೈನಿನವರಿಗೆ ನನ್ನ ಮೇಲೆ ವಿಶ್ವಾಸ. ಕೊಡಗಿನಲ್ಲಿ ಜೂನ್ ತಿಂಗಳು ಮಳೆ ಬರುತ್ತದೆಂದು ಹೇಳುವುದಕ್ಕೆ ಎಷ್ಟು ಜ್ಯೋತಿಷ್ಯ ಬೇಕೋ ದೇವರಿಗೇ ಗೊತ್ತು. ಆ ಸಂಜೆ ನಾನು ಪಂಚಾಂಗ ಕಂಕುಳಲ್ಲಿಟ್ಟುಕೊಂಡು ಲೈನಿನ ಜಗಲಿಯ ಮೇಲೆ ಕೂತೆ. ಹುಟ್ಟಿದ ಗಳಿಗೆ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಎಲ್ಲರಿಗೂ ಹೆಸರಿನ ಅಕ್ಷರದಿಂದಲೇ ರಾಶಿ. ಮೊದಲು ಶಾಸ್ತ್ರ ಹೇಳಿದೆ. ಫಲ ಕೆಟ್ಟದ್ದಿದ್ದವರು ಮಾತ್ರ ಮನೆಯೊಳಗಿರಬೇಕು, ಒಳ್ಳೆಯದಿದ್ದವರು ಹೊರಗೆ ಬಂದರೆ ಫಲ ಇಮ್ಮಡಿ. ಈ ಶಾಸ್ತ್ರವನ್ನು ನಾನು ಬಂಗಲೆಯಿಂದ ಲೈನಿಗೆ ಇಳಿಯುವ ದಾರಿಯಲ್ಲಿ ರಚಿಸಿದ್ದೆ. ಆಮೇಲೆ ಒಬ್ಬೊಬ್ಬರದೇ ಓದಿದೆ. ಅಂದು ಆ ಎಸ್ಟೇಟಿನಲ್ಲಿ ಒಬ್ಬರಿಗೂ ಕೆಟ್ಟ ಫಲ ಬರಲಿಲ್ಲ. ಎಂಬತ್ತು ಜನರಿಗೆ ಶ್ರೀ, ಸುಖ, ಸೌಖ್ಯ, ಲಾಭ ನಾಲ್ಕನ್ನೇ ಹಂಚಿದೆ. ಆಳುಗಳ ಮೇಲ್ವಿಚಾರಣೆ ನೋಡುತ್ತಿದ್ದ ಮಲಯಾಳಿ ಕುಟ್ಟನ್ ಮೇಸ್ತ್ರಿ ಮಿಥುನ ರಾಶಿ, ಅವನದು ಘಾತ. ಲಾಭ ಎಂದೆ. "ಎಂತಾ ಲಾಭ ರೈಟರೇ, ಎಸ್ಟೇಟಲ್ಲಿ?" ಎಂದು ಅವನು ಅನುಮಾನದಿಂದ ಕೇಳಿದ. ಗ್ರಹಗಳು ವಿವರ ಕೊಡುವುದಿಲ್ಲ ಎಂದೆ.

ಕೊನೆಗೆ ನೀಲು ಬಂದಳು. ಮಂಗಳೂರಿನ ಕಡೆಯವಳು, ನಲವತ್ತು ದಾಟಿದ್ದಳೇನೋ, ಒಬ್ಬಂಟಿ. ಗಿಡ ನಡುವುದರಲ್ಲಿ ಅವಳ ಕೈ ಬಿದ್ದ ಗಿಡ ಒಣಗಿದ್ದಿಲ್ಲ. "ನನ್ನದು ಎಂತ ಉಂಟು ನೋಡಿ ರೈಟ್ರೇ, ಸುಮ್ಮನೆ ಒಳ್ಳೇದು ಹೇಳ್ಬೇಡಿ, ಇದ್ದದ್ದು ಹೇಳಿ" ಎಂದು ಎದುರಿಗೇ ಕುಕ್ಕರುಗಾಲಲ್ಲಿ ಕೂತಳು. ನೀ ಅಕ್ಷರಕ್ಕೆ ಅನೂರಾಧಾ ನಕ್ಷತ್ರ, ವೃಶ್ಚಿಕ ರಾಶಿ. ಬೆರಳು ಮೃತ್ಯುವಿನ ಮೇಲೆ ನಿಂತಿತು. ಅವಳು ಓದಲಾರದಿದ್ದರೂ ನನ್ನ ಬೆರಳನ್ನೇ ನೋಡುತ್ತಿದ್ದಳು. ನಾನು ಬೆರಳನ್ನು ಮೆಲ್ಲಗೆ ಎರಡು ಸಾಲು ಕೆಳಗೆ ಜಾರಿಸಿ, ಜಯಮ್ಮನ ಮಕರದ ಮೇಲೆ ಇಟ್ಟು, "ಸೌಖ್ಯ" ಎಂದೆ. "ಹೌದಾ" ಎಂದಳು. "ನಿಮ್ಮ ಬಾಯಿಂದ ಬಂತಲ್ಲ, ಹಾಗಾದರೆ ಬರ್ತೇನೆ." ಎದ್ದು ಬರುವಾಗ ನನ್ನ ಎದೆ ಸ್ವಲ್ಪ ಭಾರವಾಗಿತ್ತು. ಹೊಗೆಗೂಡನ್ನು ನೆನೆಸಿಕೊಂಡು ಹಗುರ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ತುಂತುರು ಮಳೆ. ನನಗೆ ಎಂಥ ನಂಬಿಕೆಯೂ ಇರಲಿಲ್ಲ, ಆದರೂ ಓಲೆ ಜೇಬಿನಲ್ಲೇ ಇತ್ತು. ಇಷ್ಟೆಲ್ಲ ಸುಳ್ಳು ಹೇಳಿದ ಮೇಲೆ ಗ್ರಹಗಳಿಗೆ ನನ್ನ ಮೇಲೆ ಸ್ವಂತ ದ್ವೇಷವೂ ಹುಟ್ಟಿರಬಹುದು ಎನಿಸಿತು. ಕನ್ನಡಿಯ ಮುಂದೆ ನಿಂತು ಓಲೆಯನ್ನು ಹಣೆಗೆ ಇಟ್ಟುಕೊಂಡೆ, ಅವ್ವ ಅರಿಶಿನದ ದಾರ ಹಿಂದೆ ಬಿಗಿದು ಎರಡು ಗಂಟು ಹಾಕಿದರು. ಅದರ ಮೇಲೆ ಸೋಲಾ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡೆ. ಏನೂ ಕಾಣುತ್ತಿರಲಿಲ್ಲ. ಓಲೆಯ ಅಂಚು ಚುಚ್ಚುತ್ತಿತ್ತು, ಹೊಟ್ಟೆ ಖಾಲಿ, ಆದರೆ ಮನಸ್ಸಿಗೆ ಒಂದು ಬಗೆಯ ಧೈರ್ಯ ಬಂತು. ಮಸ್ಟರಿನ ಬಯಲಿಗೆ ಹೋಗಿ ನೋಡಿದರೆ ಎಂಬತ್ತು ಜನರೂ ಕಂಬಳಿ ಕೊಪ್ಪೆ ಹಾಕಿಕೊಂಡು ಸಾಲಾಗಿ ನಿಂತಿದ್ದಾರೆ. ಒಬ್ಬರೂ ಬಾಕಿ ಇಲ್ಲ. ಮೊದಲ ಸಾಲಿನಲ್ಲೇ ನೀಲು. ಯಾವ ಮಂತ್ರಿಯ ಮಾತಿಗೂ ಅಷ್ಟು ಜನ ಬಂದಿರಲಾರರು ಎಂದು ನಾನು ಹಿಗ್ಗಿದೆ.

ಜೀಪು ಬಂತು. ದೊರೆಯೂ ಏಜೆಂಟರೂ ಇಳಿದರು. ಅಷ್ಟೂ ಬುದ್ಧಿ ಓಡಿಸಿದ ನಾನು ಒಂದು ಸಣ್ಣ ವಿಷಯವನ್ನು ಮರೆತಿದ್ದೆ. ದೊರೆಗಳು ಎದುರಾದರೆ ರೈಟರು ಟೋಪಿ ತೆಗೆದು ಎದೆಗೆ ಹಿಡಿದು ಗುಡ್ ಮಾರ್ನಿಂಗ್ ಹೇಳಬೇಕು. ಏಳು ವರ್ಷ ದಿನವೂ ಮಾಡಿದ ಕೆಲಸ. ಆ ದಿನ ಕೈ ಟೋಪಿಯ ಅಂಚಿನವರೆಗೆ ಹೋಗಿ ಅಲ್ಲೇ ಅಂಟಿಕೊಂಡಿತು. "ಗುಡ್ ಮಾರ್ನಿಂಗ್ ಸರ್" ಎಂದೆ, ಟೋಪಿ ತೆಗೆಯಲಿಲ್ಲ. ದೊರೆಯ ಮುಖ ಕೆಂಪಾಯಿತು. ಅದೇ ಹೊತ್ತಿಗೆ ಮೋಡದ ಹಿಂದೆ ಗ್ರಹಣ ಏರಿರಬೇಕು, ಇದ್ದ ಬೆಳಕೂ ಕಂದಿ ಬಯಲೆಲ್ಲ ಮುಸ್ಸಂಜೆಯಾಯಿತು. ಮರದ ಹಕ್ಕಿಗಳು ಸುಮ್ಮನಾದವು. ಸಾಲಿನಲ್ಲಿ ಎಲ್ಲರೂ ಮೇಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಒಳ್ಳೆಯ ಫಲ ಎಂದು ಹೇಳಿದವನು ಎದುರಿಗೇ ಇದ್ದಾನೆ ಎಂಬ ಧೈರ್ಯ ಅವರಿಗೆ. "ರೈಟರ್, ಟೋಪಿ" ಎಂದರು ದೊರೆ. ನಾನು ಟೋಪಿ ತೆಗೆದೆ.

ಮುಂದಿನದನ್ನು ಹೇಳುವುದಕ್ಕೆ ಈಗಲೂ ನಾಚಿಕೆ. ಹಣೆಯ ಮೇಲೆ ಓಲೆ, ಓಲೆಯ ಮೇಲೆ ಶ್ಲೋಕ, ಮಳೆಹನಿಗೆ ಅರಿಶಿನ ಕರಗಿ ಮೂಗಿನ ಮೇಲೆ ಇಳಿಯುತ್ತಿದೆ. ಅದು ಏನು ಎನ್ನುವುದು ಆ ಬಯಲಿನಲ್ಲಿ ಇಬ್ಬರು ದೊರೆಗಳಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಹೆದರಬೇಡಿ ಹೊರಗೆ ಬನ್ನಿ ಎಂದು ಎಂಬತ್ತು ಜನರನ್ನು ಕರೆದು ನಿಲ್ಲಿಸಿದವನು ತಾನು ಮಾತ್ರ ಕಟ್ಟಿಕೊಂಡು ಬಂದಿದ್ದಾನೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನೀಲು ನನ್ನ ಹಣೆಯನ್ನು ಒಮ್ಮೆ ನೋಡಿದಳು, ಕಂಬಳಿಯನ್ನು ತಲೆಯ ಮೇಲೆ ಇನ್ನೂ ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ಮೆಲ್ಲಗೆ ಬೈದಿಲ್ಲ.

ಏಜೆಂಟರು ಹತ್ತಿರ ಬಂದು ಬಗ್ಗಿ ನೋಡಿ, ಏನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಟೋಪಿಯನ್ನು ಎದೆಗೆ ಇನ್ನಷ್ಟು ಒತ್ತಿ ಹಿಡಿದೆ. ಆಗ ಸಾಲಿನ ತುದಿಯಿಂದ ಕುಟ್ಟನ್ ಮೇಸ್ತ್ರಿ ಮುಂದೆ ಬಂದ. "ನಿನ್ನೆ ಮರದ ಕೊಂಬೆ ಬಿದ್ದದ್ದು ಸಾರ್. ತಲೆಗೆ ಪೆಟ್ಟು. ಎಲೆಮದ್ದು ಕಟ್ಟಿದೆ. ರಜ ಮಾಡು ಅಂದ್ರೂ ಕೇಳಲ್ಲ ರೈಟರ್" ಎಂದ. ದೊರೆ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಏಜೆಂಟರು ನನ್ನ ಭುಜ ತಟ್ಟಿ, ಪೆಟ್ಟು ಬಿದ್ದರೂ ಫುಲ್ ಮಸ್ಟರ್ ತಂದ ಮನುಷ್ಯ ಎಂದರು. ಘಾತ ಕುಟ್ಟನ್‌ನ ರಾಶಿಯದು. ಅದನ್ನು ಅವನು ನನಗೆ ದಾನ ಮಾಡಿದ್ದ. ನಾನು ಅವರಲ್ಲಿ ಒಬ್ಬರನ್ನೂ ಕಾಯಲಿಲ್ಲ, ಅವರು ಎಂಬತ್ತು ಜನ ಬಾಯಿ ಮುಚ್ಚಿಕೊಂಡು ನನ್ನೊಬ್ಬನನ್ನು ಕಾದರು. ಬೆಳಕು ಬಂದ ಮೇಲೆ ಗಿಡ ನಡುವುದನ್ನು ನೋಡುತ್ತೇವೆಂದು ಅವರು ಹೊರಟರು, ಜೀಪು ತಿರುವು ದಾಟಿದ್ದೇ ತಡ, ಯಾರೂ ಯಾರಿಗೂ ಹೇಳದೆ ಸಾಲು ಕರಗಿ ಲೈನು ಸೇರಿತು. ಗ್ರಹಣ ಬಿಟ್ಟು, ಸ್ನಾನ ಮಾಡಿ, ಗಂಜಿ ಕುಡಿದು, ಆಮೇಲೆ ಬಂದು ಗಿಡ ನಟ್ಟರು. ನಾನು ಕರೆಯಲಿಲ್ಲ.

ಒಂದು ತಿಂಗಳಲ್ಲಿ ನಾನು ಹೆಡ್ ರೈಟರ್ ಆದೆ. ಜಯಮ್ಮ ಹೊಸ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿ, ಹೊರಗೆ ಓಡಿಬಂದು ಮಾಡಿನ ಮೇಲೆ ಹೊಗೆ ಏಳುವುದನ್ನು ನೋಡುತ್ತಾ ತುಂತುರಿನಲ್ಲೇ ನಿಂತಳು. ಉಳಿದ ಮಳೆಗಾಲವೆಲ್ಲ ಅವಳು ಕೆಮ್ಮಲಿಲ್ಲ. ನಾನು ಮಾತ್ರ ಲೈನುಗಳಲ್ಲಿ ಓಲೆ ರೈಟರ್ ಆದೆ. ಎಲ್ಲ ಐದು ಭಾಷೆಯಲ್ಲೂ ಅದೇ ಹೆಸರು. ಪಂಚಾಂಗ ಹಿಡಿದು ಜಗಲಿಯ ಮೇಲೆ ಕೂತರೆ ಮಕ್ಕಳು ಕೂಡ ಹತ್ತಿರ ಬರುತ್ತಿರಲಿಲ್ಲ. ಒಂದೇ ಮನೆಯಲ್ಲಿ ಸೌಖ್ಯವೂ ಮಾನನಾಶವೂ ಹೇಗೆ ಇರುತ್ತವೆ ಎಂಬ ನನ್ನ ಸಂಶಯ ಹೀಗೆ ಪರಿಹಾರವಾಯಿತು.

ಗ್ರಹಣದ ಫಲ ಆರು ತಿಂಗಳು ಎಂದು ಪಂಚಾಂಗ ಹೇಳುತ್ತದೆ. ನೀಲು ಅದನ್ನು ಇಪ್ಪತ್ತೊಂದು ವರ್ಷಕ್ಕೆ ಎಳೆದಳು. ಮೊದಲ ಆರು ತಿಂಗಳು ನಾನು ದಿನಾ ಮಸ್ಟರಿನಲ್ಲಿ ಅವಳ ಹೆಸರನ್ನು ಉಸಿರು ಬಿಗಿಹಿಡಿದು ಕೂಗುತ್ತಿದ್ದೆ. ಅವಳಿಗೆ ನೆಗಡಿಯಾದರೆ ನನಗೆ ಜ್ವರ ಬರುತ್ತಿತ್ತು. ಶುಂಠಿ ಕಷಾಯ ಮಾಡಿಸಿ ಕಳಿಸಿದೆ, ಇಳಿಜಾರಿನ ಕೆಲಸ ತಪ್ಪಿಸಿ ನರ್ಸರಿಗೆ ಹಾಕಿದೆ. ಅವಳಿಗೆ ಏನು ತಿಳಿಯಿತೋ, ಬೇರೆಯವರ ಹಾಗೆ ಬಂದಿದ್ದೇನೆ ಎನ್ನುವುದನ್ನು ಬಿಟ್ಟು, ಹೆಸರು ಕೂಗಿದರೆ "ಇನ್ನೂ ಉಂಟು ರೈಟ್ರೇ" ಎನ್ನುವುದಕ್ಕೆ ಶುರು ಮಾಡಿದಳು. ಕೊಡಗು ರಾಜ್ಯ ಹೋಗಿ ಮೈಸೂರಿಗೆ ಸೇರಿತು, ಕಂಪನಿ ತೋಟ ಮಾರಿತು, ದೊರೆ ಹಡಗು ಹತ್ತಿದರು, ಅವ್ವ ತೀರಿಕೊಂಡರು. ನೀಲು ಇನ್ನೂ ಉಂಟು ರೈಟ್ರೇ ಎನ್ನುತ್ತಲೇ ಇದ್ದಳು. ಪ್ರತಿ ಸಲವೂ ನನಗೆ ಸಮಾಧಾನವಾಗುತ್ತಿತ್ತು, ಪ್ರತಿ ಸಲವೂ ಕೈ ತಾನಾಗಿ ಹಣೆಗೆ ಹೋಗುತ್ತಿತ್ತು.

ನಾನು ನಿವೃತ್ತನಾಗಿ ಹೊರಡುವ ದಿನ ಹಾರ ಹಾಕಿದರು, ಮಾತಾಡಿದರು, ಇಲ್ಲದ ಗುಣಗಳನ್ನೆಲ್ಲ ಹೇಳಿದರು. ಎಲ್ಲ ಮುಗಿದ ಮೇಲೆ ನೀಲು ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತಳು. ಬೆನ್ನು ಬಾಗಿತ್ತು, ಕಣ್ಣು ಮಾತ್ರ ಹಾಗೇ ಇತ್ತು.

"ಇನ್ನಾದರೂ ಹೇಳಿ ರೈಟ್ರೇ. ಆ ದಿನ ನನ್ನದು ಎಂತ ಇತ್ತು?"

ಹೇಳಿದೆ. ಅವಳು ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡಳು.

"ನಾನೂ ಹಾಗೇ ಅಂತ ಎಣಿಸಿದ್ದೆ. ಹೇಳದ್ದು ಒಳ್ಳೇದಾಯ್ತು. ಹೇಳಿದ್ದರೆ ಹೆದರಿಯೇ ಸಾಯ್ತಿದ್ದೆ." ಎದ್ದು ನಿಂತು, ಹೊರಟವಳು ತಿರುಗಿ ಕೇಳಿದಳು, "ಆದರೂ ಮಾರಾಯ್ರೆ, ನಿಮ್ಮ ಮನೇಲಿ ಇನ್ನೊಂದು ಓಲೆ ಇರಲಿಲ್ವಾ?"

ಇರಲಿಲ್ಲ. ಆದರೆ ತಾಳೆಗರಿಗೇನು ಬರ, ನನಗೆ ಬರೆಯುವುದೇ ಕೆಲಸ, ಶ್ಲೋಕ ಎದುರಿಗೇ ಇತ್ತು, ನಕಲು ಮಾಡುವುದಕ್ಕೆ ಅರ್ಧ ಗಂಟೆ ಸಾಕಿತ್ತು. ಅವಳು ಇಪ್ಪತ್ತೊಂದು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರಶ್ನೆ ನನಗೆ ಅಷ್ಟು ವರ್ಷದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಕುತ್ತಿಗೆಯ ಹಾರ ತೆಗೆದು ಅವಳ ಕೈಗೆ ಕೊಟ್ಟೆ. "ಇದು ಎಂತಕ್ಕೆ, ನಾನು ಇನ್ನೂ ಉಂಟಲ್ಲ" ಎಂದು ಅದನ್ನು ವಾಪಸು ಕೊಟ್ಟು ಹೋದಳು.

ಪಂಚಾಂಗವನ್ನು ಈಗಲೂ ಯುಗಾದಿಗೆ ಮೊದಲೇ ತರಿಸುತ್ತೇನೆ. ಗ್ರಹಣ ಇದ್ದ ವರ್ಷ ಮೊದಲು ವೃಶ್ಚಿಕದವರ ಫಲ ನೋಡುತ್ತೇನೆ, ಆಮೇಲೆ ನನ್ನದು. ಇದನ್ನು ನಾನು ನಿಯಮವಾಗಿ ಇಟ್ಟುಕೊಂಡಿದ್ದೇನೆ. ತುಲಾ ಅದರ ಮೇಲಿನ ಸಾಲಿನಲ್ಲೇ ಇರುವುದರಿಂದ, ಕಣ್ಣು ಕೆಳಗಿಳಿಯುವ ದಾರಿಯಲ್ಲಿ ಅಲ್ಲಿ ಸ್ವಲ್ಪ ಹೊತ್ತು ನಿಂತರೆ ಅದು ನನ್ನ ತಪ್ಪಲ್ಲ.